ಬಿಸಿಲು ಬಡಿದ ಸೀಸೆಗಳು

ಹಡಗಿನ ಮೇಲೆ

ಬಾಗಲಕೋಟೆ ಸ್ಟೇಷನ್ನಿನಲ್ಲಿ ರೈಲು ಹತ್ತಿಸುವಾಗ ನನ್ನ ತಾಯಿ ಅಳಲಿಲ್ಲ. "ಹನಮಾ, ಪರದೇಶದಾಗ ಏನ ಕೊಟ್ರೂ ಮೊದಲ ಮೂಸಿ ನೋಡು, ಆಮ್ಯಾಲ ಬಾಯಾಗ ಇಡು" ಎಂದಷ್ಟೇ ಹೇಳಿದಳು. ಆ ಕೆಲಸಕ್ಕೆ ನನಗಿಂತ ಯೋಗ್ಯರಾದವರು ನನ್ನ ಪಕ್ಕದಲ್ಲೇ ಕೂತಿದ್ದರು. ಇಮಾಮಸಾಬರು ನಮ್ಮ ಇಳಕಲ್ಲಿನ ರೇಷ್ಮೆ ನೂಲಿನ ವ್ಯಾಪಾರಿಗಳು, ಅತ್ತರಿನ ಶೋಕಿಯವರು. ಕಣ್ಣು ಮುಚ್ಚಿ ಮೂಸಿ, ನೂಲು ಯಾರ ಮನೆಯ ಬಣ್ಣದ ಹಂಡೆಯಿಂದ ಎದ್ದು ಬಂದದ್ದೆಂದು ಹೇಳಬಲ್ಲರು.

ನಮ್ಮದು ನೂಲಿಗೆ ಬಣ್ಣ ಹಾಕುವ ಮನೆತನ. ಜರ್ಮನಿಯ ಕಾರಖಾನೆಯ ಬಣ್ಣಗಳು ಆಗಷ್ಟೇ ನಮ್ಮ ಕಡೆಗೆ ಬಂದಿದ್ದವು. ಆ ಕೆಂಪು ಕೆಲವರ ಸೀರೆಯಲ್ಲಿ ನಿಲ್ಲುತ್ತಿತ್ತು, ಕೆಲವರದರಲ್ಲಿ ಮೊದಲ ಒಗೆತಕ್ಕೇ ನೀರಿನ ಪಾಲಾಗುತ್ತಿತ್ತು. ಬಣ್ಣ ಹಾಕುವ ರೀತಿಯನ್ನು ಕಾರಖಾನೆಯಲ್ಲೇ ಕಲಿಸುತ್ತೇವೆ, ಬನ್ನಿ ಎಂದು ಮುಂಬಯಿಯ ಏಜೆಂಟರು ಕರೆದಾಗ ಊರಿನವರು ನಮ್ಮಿಬ್ಬರನ್ನು ಹೊರಡಿಸಿದರು. ನಾನು ಇಂಗ್ಲಿಷ್ ಓದಿದವನೆಂಬ ಕಾರಣಕ್ಕೆ, ಇಮಾಮಸಾಬರು ಯಾರಿಗೂ ಮೋಸ ಹೋಗದವರೆಂಬ ಕಾರಣಕ್ಕೆ.

ಬಿಯರು ಎಂಬ ಪದಾರ್ಥವನ್ನು ನಾನು ಮೊದಲು ಕಂಡದ್ದು ಕೆಂಪು ಸಮುದ್ರದಲ್ಲಿ. ಡೆಕ್ಕಿನ ಮೇಲೆ ತೆರೆದ ಪೆಟ್ಟಿಗೆಯೊಳಗೆ ಅದರ ಸೀಸೆಗಳು ಹಗಲೆಲ್ಲ ಬಿಸಿಲು ಕಾಯುತ್ತ ನಿಂತಿದ್ದವು. ಒಬ್ಬ ಎಂಜಿನಿಯರ್ ಸಾಹೇಬ ಸ್ನೇಹದಿಂದ ಒಂದು ಗ್ಲಾಸು ಕೊಟ್ಟ. ನಾನು ಶಿಂದಿಯ ರುಚಿ ಬಲ್ಲವನು. ಬೆಳಕು ಹರಿಯುವ ಮುಂಚೆ ಮರದಿಂದ ಇಳಿಸಿದ ಶಿಂದಿ ಹೇಗೆ ಸಿಹಿಯಾಗಿರುತ್ತದೆ, ಮಧ್ಯಾಹ್ನಕ್ಕೆ ಅದೇ ಗಡಿಗೆ ಹೇಗೆ ಹುಳಿ ಏರಿ ತಲೆ ತಿರುಗಿಸುತ್ತದೆ ಎಂಬುದು ಗೊತ್ತು. ಆ ಧೈರ್ಯದಿಂದ ಒಂದು ಗುಟುಕು ಕುಡಿದೆ. ಬಿಸಿ ಬಿಸಿ ಕಹಿ; ಅದರ ಹಿಂದೆ ಬೆವರಿದ ಕುದುರೆಯ ಜೀನನ್ನು ನೆನೆಹಾಕಿದಂಥದೇನೋ ಒಂದು. ಉಗುಳಲು ಸಂಕೋಚ, ನುಂಗಲು ಭಯ.

ಕುಡಿಯದ ಇಮಾಮಸಾಬರು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ತಕ್ಷಣ ದೂರ ಸರಿಸಿದರು. "ತಮ್ಮಾ, ಇದರಾಗ ಕಾಡಬೆಕ್ಕ ಬಿದ್ದ ಎದ್ದ ಹೋಗೇತಿ."

"ಇವರೆಲ್ಲಾ ಖುಷಿಲೆ ಕುಡಿಯಾಕತ್ತಾರಲ್ರಿ?"

"ಏನರ ಹರಕಿ ಹೊತ್ತಿರಬೇಕು" ಎಂದರು ಅವರು.

ಬಿಳಿಯರು ಇದನ್ನು ಹರಕೆಗೇ ಕುಡಿಯುತ್ತಾರೆಂದು ನಂಬಿಕೊಂಡು ನಾನು ಯುರೋಪಿನಲ್ಲಿ ಕಾಲಿಟ್ಟೆ.

ನೆಕರ್ ನದಿಯ ದಂಡೆ

ಕಾರಖಾನೆ ಇದ್ದ ಊರು ನೆಕರ್ ಎಂಬ ನದಿಯ ದಂಡೆಯ ಮೇಲಿತ್ತು. ನದಿಗೆ ಬೆಳಿಗ್ಗೆ ಒಂದು ಬಣ್ಣ, ಸಂಜೆಗೆ ಇನ್ನೊಂದು. ನಮ್ಮೂರ ಹಳ್ಳದಲ್ಲಿ ಹಂಡೆ ತೊಳೆದ ದಿನ ಹೀಗೆಯೇ ಆಗುತ್ತದೆ. ಇಲ್ಲಿ ಹಳ್ಳದ ಬದಲು ಹೊಳೆಯೇ ಬಣ್ಣ ತಳೆದಿದ್ದನ್ನು ಕಂಡು ನನಗೆ ಮೈ ಜುಮ್ಮೆಂದಿತು. ಸೇತುವೆಯ ಮೇಲೆ ಗಂಟು ಇಳಿಸಿ ಸುಮ್ಮನೆ ನೋಡುತ್ತ ನಿಂತೆ. ಇಮಾಮಸಾಬರು ರಟ್ಟೆ ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಕಾರಖಾನೆಯವರು ನಮ್ಮ ವಸತಿಗೆ ಗೊತ್ತು ಮಾಡಿದ್ದು ಊರಂಚಿನ ಒಂದು ಊಟದ ಮನೆಯಲ್ಲಿ. ಹಿಂದುಗಡೆ ಬಿಯರು ಮಾಡುವ ಕಟ್ಟಡ, ಮುಂದೆ ದೊಡ್ಡ ಮರಗಳ ನೆರಳಿನಲ್ಲಿ ಬೆಂಚುಗಳು. ಬಾಗಿಲಲ್ಲಿ ಒಬ್ಬ ಎತ್ತರದ ಹೆಂಗಸು ತೋಳು ಮಡಚಿ ನಿಂತಿದ್ದಳು. ನಾವು ಕೈ ಮುಗಿದೆವು. ಅವಳು ನಮ್ಮ ರುಮಾಲುಗಳನ್ನೇ ನೋಡುತ್ತಿದ್ದಳು.

ನಾನು ಇಮಾಮಸಾಬರಿಗೆ ಮೆಲ್ಲಗೆ ಹೇಳಿದೆ: "ಈ ಹೆಣಮಗಳು ಭಾಳ ಸಿಟ್ಟಿನಾಕಿ ಕಾಣ್ತಾಳ್ರಿ."

"ಸಿಟ್ಟ ಇಲ್ರಿ" ಎಂದಳು ಆ ಹೆಂಗಸು. "ಕಿವಿ ನಂಬಲಾರದ ನಿಂತೇನಿ. ನೀವು ಮಾತಾಡ್ಕೋತ ಬಂದದ್ದು ಗೇಟಿನಿಂದ ಕೇಳಸ್ತು. ಯಾ ಊರವ್ರು ನೀವು?"

ಕಂಕುಳಲ್ಲಿದ್ದ ಗಂಟು ನನ್ನ ಕಾಲ ಮೇಲೆ ಬಿತ್ತು. ಇಮಾಮಸಾಬರು "ಯಾ ಅಲ್ಲಾ" ಎಂದು ಗೋಡೆ ಹಿಡಿದುಕೊಂಡರು.

"ಇಳಕಲ್ಲರಿ" ಎಂದೆ ಹೇಗೋ.

"ಇಳಕಲ್ಲ!" ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. "ನಾ ಗುಳೇದಗುಡ್ಡದಾಕಿರಿ. ನಮ್ಮಪ್ಪ ಅಲ್ಲೆ ಮಿಶನ್ನಿನಾಗ ಪಾದ್ರಿ ಇದ್ದ. ಬರ್ರಿ, ಒಳಗ ಬರ್ರಿ, ಯಾಕ ಹಂಗ ನಿಂತೀರಿ?"

ಅವಳ ಹೆಸರು ಲಿಡಿಯಾ. ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಹರೆಯಕ್ಕೆ ಬರುವವರೆಗೆ ಬೆಳೆದದ್ದೂ ಅಲ್ಲೇ, ನೇಕಾರರ ಓಣಿಯ ಮಕ್ಕಳ ಜೊತೆ. ಬಾದಾಮಿಯ ಗುಡ್ಡ ಹತ್ತಿ ಗವಿಗಳಲ್ಲಿ ಆಡಿದ್ದಳು, ಕೆರೆಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ನಮ್ಮ ಮಾದರಿಯ ಗಂಟಿನಲ್ಲಿ ಗುಳೇದಗುಡ್ಡದ ಒಂದು ರವಿಕೆ ಖಣವೂ ಇತ್ತು. ಅದನ್ನು ಬಿಚ್ಚಿ ಕೈಗೆ ಕೊಟ್ಟಾಗ ಅವಳು ಅದನ್ನು ಹಿಡಿದುಕೊಂಡೇ ಒಳಗೆ ಹೋದಳು. ಹೊರಗೆ ಬಂದಾಗ ಮೂಗು ಕೆಂಪಾಗಿತ್ತು. ಆ ಸಂಜೆ ನಮಗೆ ತಿನ್ನಲು ಆಗುವುದಕ್ಕಿಂತ ಎಷ್ಟೋ ಹೆಚ್ಚು ಬಡಿಸಿದಳು. ನಡುನಡುವೆ ಪ್ರಶ್ನೆ. ಮಲಪ್ರಭೆಗೆ ಈ ಸಲ ನೀರು ಬಂತೇ? ಅಮೀನಗಡದ ಸಂತೆ ಈಗಲೂ ಅಷ್ಟೇ ದೊಡ್ಡದೇ? ಹುನಗುಂದದ ದಾರಿಯ ಬೇವಿನ ಮರಗಳು ಇವೆಯೇ? ನಾವು ಒಂದಕ್ಕೆ ಉತ್ತರ ಹೇಳುವಷ್ಟರಲ್ಲಿ ಇನ್ನೊಂದು ಕೇಳುತ್ತಿದ್ದಳು. ಅವಳ ಗಂಡ ಯಾಕೋಬ ಎದುರಿಗೆ ಕೂತು, ಒಂದು ಶಬ್ದವೂ ತಿಳಿಯದೆ, ಅವಳ ಮುಖವನ್ನೇ ನೋಡಿ ನಗುತ್ತಿದ್ದ.

ನೆಲಮಾಳಿಗೆ

ಯಾಕೋಬನ ತಂದೆ, ಅಜ್ಜ ಎಲ್ಲರೂ ಬಿಯರು ಮಾಡಿದವರು. ನಾವು ಹಡಗಿನ ಕಥೆ ಹೇಳಿದೆವು. ಲಿಡಿಯಾ ತರ್ಜುಮೆ ಮಾಡಿ ಹೇಳಿದಾಗ ಅವನಿಗೆ ತನ್ನ ಮನೆಯ ಯಾರನ್ನೋ ಬೈದಷ್ಟು ನೋವಾಯಿತು. ಎದ್ದು ಬಾಗಿಲ ಕಡೆ ಕೈ ತೋರಿಸಿದ. ಕೂಡಲೇ ಬರಬೇಕಂತೆ, ನೋಡಬೇಕಂತೆ.

ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಮೈಗೆ ತಂಪು ಅಡರಿತು. ಜೋಳ ತುಂಬುವ ನಮ್ಮ ಹಗೇವಿನೊಳಗೆ ಇಳಿದಂತೆ. ಆದರೆ ಈ ಹಗೇವಿನಲ್ಲಿ ಚಕ್ಕಡಿ ತಿರುಗಿಸುವಷ್ಟು ಜಾಗವಿತ್ತು. ಸಾಲಾಗಿ ದೊಡ್ಡ ಮರದ ಪೀಪಾಯಿಗಳು. ಹಿಂದಿನ ಕೋಣೆಯಲ್ಲಿ, ಚಳಿಗಾಲದಲ್ಲಿ ಕೆರೆಯಿಂದ ಕೊಯ್ದು ತಂದ ಮಂಜುಗಡ್ಡೆಯ ರಾಶಿ. ಕಿಟಕಿಯೆಂಬುದಿಲ್ಲ. ಮೇಲೆ ಅಂಗಳದಲ್ಲಿ ಚೆಸ್ಟ್‌ನಟ್ ಮರಗಳನ್ನು ಬೆಳೆಸಿದ್ದು ಕುಳಿತವರ ಸುಖಕ್ಕಿಂತ ಹೆಚ್ಚಾಗಿ ಈ ನೆಲಕ್ಕೆ ನೆರಳಾಗಲೆಂದು, ಎಂದ ಯಾಕೋಬ. ನೆರಳಿಗೆ ಮರ, ಮರದ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಪೀಪಾಯಿ! ಜವೆಗೋಧಿಯ ನೀರಿಗೆ ಇಷ್ಟು ಉಪಚಾರ ನಡೆಯುವುದನ್ನು ಕಂಡು ನನಗೆ ನಮ್ಮ ಮನೆಯ ನೆನಪಾಯಿತು. ಬಣ್ಣ ಹಾಕಿದ ನೂಲನ್ನು ನಾವೂ ಬಿಸಿಲಿಗೆ ಒಡ್ಡುವುದಿಲ್ಲ, ನೆರಳಿನಲ್ಲೇ ಆರಿಸುತ್ತೇವೆ.

ಅವನು ಗ್ಲಾಸುಗಳನ್ನು ತಣ್ಣೀರಿನಲ್ಲಿ ಜಾಲಾಡಿಸಿ, ಒರೆಸದೆ ಹಾಗೇ ಓರೆಯಾಗಿ ಹಿಡಿದು ನಿಧಾನವಾಗಿ ತುಂಬಿದ. ಮೇಲೆ ಬಿಳಿಯ ನೊರೆ ಅರಳೆಯಂತೆ ಎದ್ದು ನಿಂತಿತು. ನಾನು ತುಟಿಗಿಟ್ಟೆ. ಆ ರುಚಿಯನ್ನು ಹೇಗೆ ಹೇಳಲಿ! ಕಹಿ ಇತ್ತು, ಆದರೆ ಮೆಂತ್ಯದ ಕಾಳು ಹುರಿದಾಗ ಹಿತವಾಗುತ್ತದಲ್ಲ, ಅಂಥ ಕಹಿ. ಅದರ ಹಿಂದೆ ಹೊಸ ರೊಟ್ಟಿಯ ವಾಸನೆ, ಕೊನೆಗೆ ನಾಲಗೆಯ ಮೇಲೆ ಒಂದು ಚೂರು ಸಿಹಿ. ಇಮಾಮಸಾಬರು ನನ್ನ ಗ್ಲಾಸನ್ನು ಕಸಿದು ಮೂಸಿದರು, ಇನ್ನೊಮ್ಮೆ ಮೂಸಿದರು. "ಹೂವಿನ ವಾಸನಿ ಐತಲ್ಲೋ ತಮ್ಮಾ!" ಎಂದರು. ಹೂವೇ ಅದು, ಒಂದು ಬಳ್ಳಿಯ ಹಸಿರು ಹೂವು ಹಾಕಿ ಕುದಿಸುತ್ತಾರೆ.

ಆದರೆ ಒಂದು ವಿಚಿತ್ರ ನಡೆಯಿತು. ನಾನು ಗುಟುಕರಿಸಿದ ಕೂಡಲೇ ನೊರೆ ಸತ್ತುಹೋಯಿತು. ಯಾಕೋಬ ಹುಬ್ಬು ಗಂಟಿಕ್ಕಿ ಬೇರೆ ಗ್ಲಾಸು ಕೊಟ್ಟ. ಅದರಲ್ಲೂ ಹಾಗೇ. ಗ್ಲಾಸುಗಳನ್ನೆಲ್ಲ ಮತ್ತೆ ತೊಳೆದ, ಪೀಪಾಯಿಗೆ ಕಿವಿಗೊಟ್ಟ, ಬೇರೆ ಪೀಪಾಯಿಯಿಂದ ತುಂಬಿದ. ನನ್ನ ಬಾಯಿ ಮುಟ್ಟಿದ್ದೇ ತಡ, ನೊರೆ ಮಾಯ. ಅವನ ಮುಖ ಬೆವರಿತು. ಆಗ ಲಿಡಿಯಾ ದೀಪವನ್ನು ನನ್ನ ಮುಖದ ಹತ್ತಿರ ಹಿಡಿದಳು.

"ಮೀಸಿಗೆ ಎಣ್ಣಿ ಹಚ್ಚೀರೇನ್ರಿ?"

ಹಚ್ಚಿದ್ದೆ. ಊರಿನಿಂದ ತಂದ ಕೊಬ್ಬರಿ ಎಣ್ಣೆ, ದಿನವೂ ತಪ್ಪದೆ. ಜಿಡ್ಡು ತಾಗಿದರೆ ನೊರೆ ನಿಲ್ಲುವುದಿಲ್ಲವಂತೆ. ನೊರೆ ಹೋದರೆ ಸುವಾಸನೆಯೂ ಅದರ ಹಿಂದೆಯೇ ಹೋಗುತ್ತದಂತೆ. ಯಾಕೋಬ ಪೀಪಾಯಿಗೆ ಒರಗಿ ನಕ್ಕ ನಗೆಗೆ ನೆಲಮಾಳಿಗೆಯೆಲ್ಲ ಗುಂಯ್ ಎಂದಿತು. ಅಂದಿನಿಂದ ನಾನು ಆ ದೇಶದಲ್ಲಿರುವವರೆಗೂ ಒಣ ಮೀಸೆಯವನಾದೆ.

ಹಡಗಿನ ವಾಸನೆಯ ಗುಟ್ಟನ್ನು ಅವನು ಮರುದಿನ ತೋರಿಸಿದ. ಒಂದೇ ಪೀಪಾಯಿಯ ಎರಡು ಗ್ಲಾಸು. ಒಂದನ್ನು ಮರದ ನೆರಳಿನಲ್ಲಿಟ್ಟ, ಇನ್ನೊಂದನ್ನು ಬಿಸಿಲು ಬೀಳುವ ಕಟ್ಟೆಯ ಮೇಲೆ. ತುಸು ಹೊತ್ತಿನ ಮೇಲೆ ಇಮಾಮಸಾಬರ ಕಣ್ಣಿಗೆ ಅರಿವೆ ಕಟ್ಟಿ ಎರಡನ್ನೂ ಮೂಗಿಗೆ ಹಿಡಿದ. ಒಂದಕ್ಕೆ ಅವರು ತಲೆದೂಗಿದರು. ಎರಡನೆಯದಕ್ಕೆ ಮುಖ ಕಿವುಚಿ, "ಇದು ಹಡಗಿಂದು! ಅದ ಕಾಡಬೆಕ್ಕು!" ಎಂದು ಕೂಗಿದರು. ಬೆಳಕು ಆ ಹೂವಿನ ಕಹಿಯನ್ನು ಮುರಿದು ಈ ನಾತ ಹುಟ್ಟಿಸುತ್ತದೆ ಎಂದ ಯಾಕೋಬ. ಅದಕ್ಕೇ ಅವನು ಬಿಯರು ಹೊರಗೆ ಕಳಿಸುವಾಗ ಕಂದು ಸೀಸೆ. ಅಂಗಳದಲ್ಲಿ ಕುಡಿಯುವವರಿಗೆ ತವರದ ಮುಚ್ಚಳವಿದ್ದ ಕಲ್ಲಿನಂಥ ಮಣ್ಣಿನ ಮಗ್ಗು.

ಆ ಮುಚ್ಚಳವೂ ನನ್ನನ್ನು ಬಿಡಲಿಲ್ಲ. ಕುಡಿದು ಮುಗಿಸಿ ಮುಚ್ಚಳ ತೆರೆದಿಟ್ಟರೆ "ಇನ್ನೂ ಬೇಕು" ಎಂಬ ಅರ್ಥವಂತೆ. ನನಗೇನು ಗೊತ್ತು! ತೆರೆದಿಡುತ್ತಿದ್ದೆ, ಬಡಿಸುವಾಕೆ ತುಂಬುತ್ತಿದ್ದಳು, ಕೊಟ್ಟದ್ದನ್ನು ಬಿಡಬಾರದೆಂದು ಕುಡಿಯುತ್ತಿದ್ದೆ. ಕೊನೆಗೆ ಪಕ್ಕದ ಬೆಂಚಿನ ಮುದುಕನೊಬ್ಬ ಎದ್ದು ಬಂದು, ನನ್ನ ಮಗ್ಗಿನ ಮುಚ್ಚಳ ಮುಚ್ಚಿ, ಭುಜ ತಟ್ಟಿ ಹೋದ.

ಪಾದ್ರಿಯ ಹಳ್ಳಿ

ಲಿಡಿಯಾಳ ತಂದೆ ಬದುಕಿದ್ದಾನೆಂದು ನಮಗೆ ತಿಳಿದದ್ದು ಕೆಲವು ದಿನಗಳ ಮೇಲೆ. ಗುಡ್ಡದ ಮೇಲಿನ ಹಳ್ಳಿಯಲ್ಲಿ ಒಬ್ಬನೇ ಇದ್ದ. ಬೆಳಿಗ್ಗೆ ಚಕ್ಕಡಿಯಲ್ಲಿ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟುವಷ್ಟು ಹತ್ತಿರ. ಆದರೆ ಮಗಳು ಬಿಯರು ಮಾಡುವವನನ್ನು ಮದುವೆಯಾದಂದಿನಿಂದ ಅವಳ ಹೊಸ್ತಿಲು ತುಳಿದಿರಲಿಲ್ಲ.

"ಜರ್ಮನ್ ಭಾಷಾದಾಗ ಭಾಳ ಕೆಟ್ಟ ಮಾತಾಡಿಕೊಂಡ್ವಿ" ಎಂದಳು ಅವಳು. "ನಾನೂ ಬಿಡಲಿಲ್ಲ, ಅಪ್ಪನೂ ಬಿಡಲಿಲ್ಲ. ಈಗ ಎದುರಿಗೆ ಬಂದ್ರ ಎಲ್ಲಿಂದ ಸುರು ಮಾಡಬೇಕಂತ ಇಬ್ಬರಿಗೂ ತಿಳಿಯೂದಿಲ್ಲ."

ಇಳಕಲ್ಲಿನವರು ಬಂದಿದ್ದಾರೆಂಬ ಸುದ್ದಿಯನ್ನು ಅವಳು ಹಾಲಿನವನ ಬಾಯಲ್ಲಿ ಹೇಳಿ ಕಳಿಸಿದಳು. ಅವರಿಬ್ಬರನ್ನು ನನ್ನಲ್ಲಿಗೆ ಕಳಿಸು ಎಂದು ಉತ್ತರ ಬಂತು. ಮಗಳ ಬಗ್ಗೆ ಒಂದು ಮಾತಿಲ್ಲ.

ನಾವು ಹೊರಡುವ ದಿನ ಯಾಕೋಬ ಜವೆಗೋಧಿ ನೋಡಲು ಬೇರೆ ಊರಿಗೆ ಹೋಗಿದ್ದ. ಲಿಡಿಯಾ ತಾನೇ ನೆಲಮಾಳಿಗೆಗೆ ಇಳಿದು ಸೀಸೆಗಳನ್ನು ತುಂಬಿ ತಂದಳು. ಕಂದು ಸೀಸೆಗಳಲ್ಲ, ನೀರಿನಂತೆ ತಿಳಿಯಾದ ಗಾಜಿನವು, ತಂತಿ ಬಿಗಿದ ಬಿರಡೆಯವು. "ಬಂಗಾರದಂಥಾ ಬಣ್ಣ ಅಪ್ಪಗ ಕಾಣ್ಲಿ. ನನ್ನ ಗಂಡನ ಕೈಗುಣ ಆತ ಒಂದ ಸಲನೂ ನೋಡಿಲ್ಲ" ಎಂದಳು. ಬುಟ್ಟಿಯಲ್ಲಿಟ್ಟು ಮೇಲೆ ದಪ್ಪನೆಯ ಒದ್ದೆ ಅರಿವೆ ಹೊದಿಸಿದಳು. "ಇದನ್ನ ಮಾತ್ರ ತಗೀಬ್ಯಾಡ್ರಿ."

ನಾವು ತೆಗೆದೆವು. ಚಕ್ಕಡಿ ಅಲುಗಾಡಿದಂತೆ ಆ ಅರಿವೆಯಿಂದ ನೀರು ತೊಟ್ಟಿಕ್ಕಿ ಪಕ್ಕದಲ್ಲಿದ್ದ ನಮ್ಮ ರೇಷ್ಮೆಯ ಗಂಟಿನ ಕಡೆ ಹರಿಯತೊಡಗಿತು. ಪಾದ್ರಿಗೆ ತೋರಿಸಲೆಂದು ತಂದ ಕೆಂಪು ರೇಷ್ಮೆ. ಬಣ್ಣ ಹರಿದುಬಿಟ್ಟರೆ? ಅರಿವೆ ಎತ್ತಿ ಗಾಡಿಯ ಹಿಂದಕ್ಕೆ ಒಗೆದೆ. ರೇಷ್ಮೆಗೆ ಬಿಸಿಲು ತಾಗಬಾರದೆಂದು ಇಮಾಮಸಾಬರು ತಮ್ಮ ಶಾಲನ್ನು ಅದರ ಮೇಲೆ ಹೊದಿಸಿದರು. ಬೇಸಿಗೆಯ ಸ್ವಚ್ಛ ಬಿಸಿಲು. ಎರಡೂ ಕಡೆ ಗೋಧಿಯ ಹೊಲ, ಸೇಬಿನ ಗಿಡ, ಕೆಂಪು ಹಂಚಿನ ಮನೆಗಳು. ನಾವು ಹಾಡು ಹೇಳಿಕೊಂಡು ಹೋದೆವು. ಬುಟ್ಟಿಯಲ್ಲಿ ಸೀಸೆಗಳು ಥಳಥಳ ಹೊಳೆಯುತ್ತಿದ್ದವು. ಎಷ್ಟು ಚೆಂದ ಎಂದು ನಾನೇ ಮೆಚ್ಚಿಕೊಂಡೆ.

ಪಾದ್ರಿ ಬಿಳಿಯ ಗಡ್ಡದ ಮುದುಕ, ಬಾಗಿಲಲ್ಲೇ ಕಾಯುತ್ತಿದ್ದ. "ಬರ್ರಿ ಬರ್ರಿ, ದಣದೀರಿ. ಮೊದಲ ಕುಂಡ್ರಿ, ನೀರ ಕುಡೀರಿ" ಎಂದ. ಬಾಗಲಕೋಟೆಯ ಅಡತಿ ಅಂಗಡಿಯ ಯಜಮಾನರು ಮಾತಾಡಿದ ಹಾಗೇ ಇತ್ತು. ರೇಷ್ಮೆಯನ್ನು ಬೆರಳಿನಲ್ಲಿ ಸವರಿ ಸವರಿ ನೋಡಿದ. ಗುಳೇದಗುಡ್ಡದ ಒಂದೊಂದು ಮನೆಯನ್ನೂ ಹೆಸರು ಹಿಡಿದು ಕೇಳಿದ. ನಡುವೆ ಮಾತು ನಿಲ್ಲಿಸಿ, "ನೀವು ಇದ್ದ ಮನ್ಯಾಗ... ಎಲ್ಲಾರೂ ಆರಾಮ ಅದಾರೇನು?" ಎಂದು ಕೇಳಿದ.

"ಆರಾಮ ಅದಾರ್ರಿ ಅಜ್ಜಾರ. ಅಕ್ಕಾರು ಇದನ್ನ ಕೊಟ್ಟ ಕಳಸ್ಯಾರ" ಎಂದು ಬುಟ್ಟಿ ಮುಂದಿಟ್ಟೆ.

ಅವನು ಬಹಳ ಹೊತ್ತು ಸೀಸೆಗಳನ್ನು ನೋಡಿದ. "ನಾ ಇದನ್ನ ಮುಟ್ಟೂದಿಲ್ಲಂತಲ್ಲ. ನಾಲ್ಕ ಮಂದಿಗೆ ಕುಡಿಸಿ ಹೊಟ್ಟಿ ಹೊರಕೊಳ್ಳೂ ದಂಧೆ ನನಗ ಸೇರಲಿಲ್ಲ" ಎಂದ. ಆದರೂ ಎದ್ದು ಹೋಗಿ ಗ್ಲಾಸು ತಂದ. ತೊಳೆದದ್ದನ್ನೇ ಮತ್ತೆ ತೊಳೆದ.

ಬಿರಡೆ ಬಿಚ್ಚಿದ ಕೂಡಲೇ ಬುಸ್ ಎಂದು ನೊರೆ ಚಿಮ್ಮಿ ಅವನ ಗಡ್ಡ, ಅಂಗಿ, ಮೇಜು ಎಲ್ಲ ತೊಯ್ಯಿತು. ಬಿಸಿಲು, ಕುಲುಕಾಟ, ಎರಡೂ ಸೇರಿ ಸೀಸೆಯೊಳಗಿನ ಬಿಯರಿಗೆ ರೊಚ್ಚು ಹಿಡಿಸಿದ್ದವು. ಉಳಿದದ್ದನ್ನು ಸುರುವಿಕೊಂಡು ಅವನು ಕುಡಿದ. ಇಮಾಮಸಾಬರ ಮೂಗಿಗೆ ಅಷ್ಟರಲ್ಲೇ ವಾಸನೆ ಮುಟ್ಟಿತ್ತು. ಅವರು ನನ್ನ ತೊಡೆ ಚಿವುಟಿದರು.

ಮುದುಕ ಗ್ಲಾಸನ್ನು ಕೆಳಗಿಟ್ಟ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವನ ಮುಖದಲ್ಲಿ ಬರೀ ದುಃಖವಿತ್ತು. "ಇಷ್ಟ ವರ್ಷ ಇದನ್ನ ಮಾಡಾಕ ನನ್ನ ಮಗಳು ಅಲ್ಲೆ ಇದ್ದಾಳೇನು" ಎಂದ.

ನನಗೆ ಕೂತಿರಲು ಆಗಲಿಲ್ಲ. "ಅಜ್ಜಾರ, ಇದು ಅವರ ರುಚಿ ಅಲ್ರಿ! ನಾವು ಕೆಡಿಸಿದ್ದು. ಮುಚ್ಚಿ ಕೊಟ್ಟಿದ್ರು, ನಾವು ತಗದ ಒಗದು ಬಿಸಲಾಗ ತಂದ್ವಿ. ನಿಮ್ಮ ಅಳಿಯಾರು ಇದನ್ನ ಒಂದ ಹನಿ ಬೆಳಕ ಬೀಳದಂಗ ಕಾಯ್ತಾರ. ನಾ ಕುಡದೇನಿ, ನನಗ ಗೊತ್ತೈತಿ."

"ನಾ ಕುಡಿಯಾವಲ್ಲ" ಎಂದರು ಇಮಾಮಸಾಬರು, "ಆದ್ರ ನನ್ನ ಮೂಗಿನ ಆಣಿ. ಆ ನೆಲಮಾಳಗ್ಯಾಗ ಇದು ಹೂವಿನಂಗ ಇರತೈತ್ರಿ."

"ಹಂಗಿದ್ರ ಇನ್ನೊಂದ ಸಲ ಮುಚ್ಚಿ ತರ್ರಿ."

"ಇಲ್ರಿ ಅಜ್ಜಾರ" ಎಂದೆ. ಆ ಧೈರ್ಯ ನನಗೆ ಎಲ್ಲಿಂದ ಬಂತೋ. "ಎಷ್ಟ ಮುಚ್ಚಿದ್ರೂ ಈ ಗುಡ್ಡದ ದಾರ್ಯಾಗ ಕುಲಕತೈತಿ, ಕಾಯತೈತಿ. ಖರೆ ರುಚಿ ಬೇಕಂದ್ರ ಪೀಪಾಯಿ ಇದ್ದಲ್ಲೆ ನೀವ ಬರಬೇಕು."

ಅವನು ನಮ್ಮನ್ನು ಕಳಿಸುವಾಗ ಒಳ್ಳೆಯ ಸೇಬು ಆರಿಸಿ ಆರಿಸಿ ನಮ್ಮ ಬುಟ್ಟಿಗೆ ತುಂಬಿದ, ಅಷ್ಟೇ. ನಡೆದದ್ದನ್ನು ಲಿಡಿಯಾಳಿಗೆ ಹೇಳಿದಾಗ ಅವಳು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಾನು ಆ ವಾರ ನೆಮ್ಮದಿಯಿಂದ ಉಣ್ಣುತ್ತಿದ್ದೆ.

ಚೆಸ್ಟ್‌ನಟ್ ಮರಗಳ ಕೆಳಗೆ

ಒಂದು ಮಧ್ಯಾಹ್ನ ಕಾರಖಾನೆಯಿಂದ ನಾನು ಕುಣಿಯುತ್ತ ಬಂದೆ. ಕೆಂಪು ಬಣ್ಣ ಹರಿಯದಂತೆ ಕಟ್ಟುವ ಮರ್ಮ ಅಂದು ಕೈಗೆ ಹತ್ತಿತ್ತು. ನಾನೇ ಅದ್ದಿದ ನೂಲನ್ನು ಸಾಬೂನಿನಲ್ಲಿ ಕುದಿಸಿದರೂ ನೀರು ತಿಳಿಯಾಗಿಯೇ ಉಳಿದಿತ್ತು. ಆ ನೂಲಿನ ಲಡಿಯನ್ನು ಕೊರಳಿಗೆ ಹಾಕಿಕೊಂಡು ಓಡಿ ಬರುತ್ತಿದ್ದವನು ಗೇಟಿನಲ್ಲಿ ಗಕ್ಕನೆ ನಿಂತೆ. ಹಾಲಿನ ಚಕ್ಕಡಿಯಿಂದ ಬಿಳಿಯ ಗಡ್ಡವೊಂದು ಕೋಲೂರಿ ಇಳಿಯುತ್ತಿತ್ತು.

ಬೆಂಚುಗಳ ಮೇಲಿದ್ದವರು ಮಗ್ಗು ಕೆಳಗಿಟ್ಟು ತಿರುಗಿ ನೋಡಿದರು. ಅವರಿಗೆಲ್ಲ ಆ ಕಥೆ ಗೊತ್ತಿತ್ತು. ಯಾಕೋಬ ಬಾಗಿಲಿಗೆ ಬಂದವನು ಮುಂದೆ ಬರಬೇಕೋ ಒಳಗೆ ಹೋಗಬೇಕೋ ತಿಳಿಯದೆ ಟೊಪ್ಪಿಗೆ ತೆಗೆದು ಹಿಂಡುತ್ತ ನಿಂತ. ಲಿಡಿಯಾ ಅಡುಗೆಮನೆಯಿಂದ ಬಂದಳು. ತಂದೆ ಮಗಳು ಒಬ್ಬರನ್ನೊಬ್ಬರು ನೋಡಿದರು. ಮುದುಕನ ತುಟಿ ಜರ್ಮನ್ ಶಬ್ದವೊಂದಕ್ಕೆ ತೆರೆದು ಮತ್ತೆ ಮುಚ್ಚಿತು. ಆಮೇಲೆ ಅವನು ಕನ್ನಡದಲ್ಲಿ ಹೇಳಿದ:

"ಬಿಸಲ ಭಾಳ ಐತಿ, ಲಿಡಿಯಾ."

"ಹೂಂ ಅಪ್ಪಾ. ನೆಳ್ಳಿಗೆ ಬಾ" ಎಂದಳು ಅವಳು.

ಅವಳೇ ಅವನ ಕೈ ಹಿಡಿದು ನೆಲಮಾಳಿಗೆಯ ಮೆಟ್ಟಿಲು ಇಳಿಸಿದಳು. ನಾನು, ಇಮಾಮಸಾಬರು, ಯಾಕೋಬ ಹಿಂದೆ ಹೋದೆವು. ಮುದುಕ ಆ ತಂಪಿನಲ್ಲಿ ನಿಂತು ಗೋಡೆ ಮುಟ್ಟಿದ, ಪೀಪಾಯಿಯ ಕಟ್ಟುಗಳನ್ನು ಮುಟ್ಟಿದ, ಯಾಕೋಬ ಗ್ಲಾಸು ಜಾಲಾಡಿಸುವುದನ್ನು ನೋಡಿದ. ಅಷ್ಟು ನಿಧಾನವಾಗಿ ಯಾಕೋಬ ಸುರುವಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನೊರೆ ಎದ್ದಿತು, ನಿಂತಿತು. ಮುದುಕ ಮೊದಲು ಮೂಸಿದ, ಆಮೇಲೆ ಕುಡಿದ. ಮತ್ತೆ ಕುಡಿದ. ಗ್ಲಾಸು ಖಾಲಿಯಾಗುವವರೆಗೆ ಅವನ ಕಣ್ಣು ಮುಚ್ಚಿಯೇ ಇತ್ತು.

"ನಿನ್ನ ಗಂಡ ತನ್ನ ಕೆಲಸ ಭಾಳ ನಿಗಾ ಇಟ್ಟ ಮಾಡ್ತಾನ" ಎಂದ ಕೊನೆಗೆ.

"ಮಾಡ್ತಾನಪ್ಪಾ."

"ಇದು ನನ್ನ ಹಳ್ಳಿಗೆ ಬರಲಾರದು."

"ಬರಲಾರದು."

"ಅಂದ್ರ ನಾನ ಬರಬೇಕು."

ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣೀರು ಗಲ್ಲದ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಮುದುಕ ಗ್ಲಾಸನ್ನು ಜೋಪಾನವಾಗಿ ಪೀಪಾಯಿಯ ಮೇಲಿಟ್ಟು, "ಗುರುವಾರ ಪ್ರಾರ್ಥನಿ ಇರತೈತಿ, ಆಗೂದಿಲ್ಲ. ಶುಕ್ರವಾರ ಬರ್ತೇನಿ. ಊಟಕ್ಕ ಇಲ್ಲೇ ಇರ್ತೇನಿ" ಎಂದ.

ಯಾಕೋಬ ಹೆಂಡತಿಯ ಅಳು ನೋಡಿ ಕಂಗಾಲಾಗಿದ್ದ. ಮಾವ ಬೈದನೋ, ಶಾಪ ಹಾಕಿದನೋ ಅವನಿಗೆ ತಿಳಿಯದು. ನನ್ನ ತೋಳು ಹಿಡಿದು ಅಲುಗಿಸಿದ. ಏನಂದರು, ಏನಂದರು ಎಂದು ಕಣ್ಣಿನಲ್ಲೇ ಕೇಳಿದ. ಅಷ್ಟೆಲ್ಲ ಹೇಳುವ ಜರ್ಮನ್ ನನಗೆಲ್ಲಿ ಬರಬೇಕು! ವಾರದ ಹೆಸರುಗಳನ್ನು ಮಾತ್ರ ಕಾರಖಾನೆಯಲ್ಲಿ ಕಲಿತಿದ್ದೆ.

"ಫ್ರೈಟಾಗ್" ಎಂದೆ. ಮುದುಕನ ಕಡೆ ಬೆರಳು ತೋರಿಸಿ, ಮೆಟ್ಟಿಲ ಕಡೆ ತೋರಿಸಿ, ತುತ್ತು ಬಾಯಿಗಿಡುವ ಹಾಗೆ ಮಾಡಿ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ: "ಫ್ರೈಟಾಗ್!"

ಯಾಕೋಬ ಆ ಶಬ್ದವನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡ. ಆಮೇಲೆ ಮಂಜುಗಡ್ಡೆಯ ಕೋಣೆಯ ಹೊಸ್ತಿಲ ಮೇಲೆ ಕುಸಿದು ಕೂತು, ಕೈಯಲ್ಲಿದ್ದ ಟೊಪ್ಪಿಗೆಯಿಂದ ಮುಖ ಮುಚ್ಚಿಕೊಂಡ.